ಬೀದಿಯನ್ನು ಓದಲು ಕಲಿಸಿದ ಡೊರೀನ್ ಮ್ಯಾಸಿ

ಶಾಲೆಯಲ್ಲಿ ನಮಗೆ ಭೂಗೋಳವೆಂದರೆ ನಕಾಶೆಯ ನದಿಗೆ ನೀಲಿ, ಬೆಟ್ಟಕ್ಕೆ ಕಂದು ಬಣ್ಣ ಬಳಿಯುವ ಪಾಠವಾಗಿತ್ತು. ರಾಜಧಾನಿಗಳ ಹೆಸರು ಬಾಯಿಪಾಠವಾದರೆ ಅಂಕ ಖಚಿತ. ನಾವು ನಿಂತ ನೆಲ ಹೀಗೇಕಾಯಿತು, ಯಾರಿಂದಾಯಿತು ಎಂಬುದೂ ಭೂಗೋಳದ ಪ್ರಶ್ನೆಯೇ ಎಂದು ನಮಗೆ ಮನವರಿಕೆಯಾದದ್ದು ಬಹಳ ತಡವಾಗಿ, 2016ರ ಮಾರ್ಚ್‌ನಲ್ಲಿ ತೀರಿಕೊಂಡ ಡೊರೀನ್ ಮ್ಯಾಸಿಯವರ ಬರಹಗಳಿಂದ.

ಮ್ಯಾಸಿ 1944ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದರು. ಬೆಳೆದದ್ದು ವಿದನ್‌ಶಾ ಎಂಬಲ್ಲಿ, ದುಡಿಯುವ ಜನರಿಗಾಗಿ ನಗರಾಡಳಿತ ಕಟ್ಟಿಸಿದ ಬಾಡಿಗೆ ಮನೆಗಳ ದೊಡ್ಡ ಬಡಾವಣೆಯಲ್ಲಿ. ಒಂಬತ್ತು-ಹತ್ತು ವರ್ಷದ ಹುಡುಗಿಯಾಗಿ ಪೇಟೆಗೆ ಹೋಗುವಾಗ ಬಸ್ಸಿನ ಮೇಲಂತಸ್ತಿನಿಂದ ಮರ್ಸಿ ನದಿಯ ಬಯಲನ್ನು ನೋಡುತ್ತಿದ್ದರಂತೆ. ಅಷ್ಟು ದೊಡ್ಡ ಬಯಲು ಪೂರ್ತಿ ಚೆಂಡಾಡುವ ಹುಡುಗರದು. ಅಲ್ಲಿ ತನಗೆ ಜಾಗವಿಲ್ಲ. ಯಾರೂ ಬೇಲಿ ಹಾಕಿರಲಿಲ್ಲ, ಆದರೂ ಬೇಲಿಯಿತ್ತು. 1994ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಇದನ್ನು ನೆನೆದಿದ್ದಾರೆ.

ಆಕ್ಸ್‌ಫರ್ಡ್‌ನಲ್ಲಿ ಓದಿದ ಮ್ಯಾಸಿ, 1982ರಿಂದ 2009ರವರೆಗೆ ಪಾಠ ಮಾಡಿದ್ದು ಓಪನ್ ಯೂನಿವರ್ಸಿಟಿಯಲ್ಲಿ. ದುಡಿಯುತ್ತಲೇ ಮನೆಯಲ್ಲಿ ಕೂತು ಓದುವವರಿಗೆ ಬಾಗಿಲು ತೆರೆದ ವಿಶ್ವವಿದ್ಯಾಲಯವದು. 1984ರ ಅವರ ಮುಖ್ಯ ಕೃತಿ ಕೇಳಿದ್ದು ಸರಳ ಪ್ರಶ್ನೆ: ಒಂದು ಪ್ರದೇಶ ಬಡವಾಗಿದ್ದರೆ ತಪ್ಪು ಆ ಪ್ರದೇಶದ್ದೇ? ಕಂಪೆನಿಯ ಯಜಮಾನಿಕೆ ಲಂಡನ್ನಿನ ಸುತ್ತ, ಕಡಿಮೆ ಕೂಲಿಯ ಕೆಲಸ ದೂರದ ಊರುಗಳಲ್ಲಿ. ನಿರ್ಧಾರ ಒಂದು ಕಡೆ, ಅದರ ನೋವು ಇನ್ನೊಂದು ಕಡೆ. ಹಾಗಾಗಿ 'ಹಿಂದುಳಿದ' ಎನ್ನುವ ಊರು ತಾನಾಗಿ ಹಿಂದುಳಿದದ್ದಲ್ಲ ಎಂದರು ಮ್ಯಾಸಿ.

ನಮಗೆ ಅವರು ಹತ್ತಿರವಾದದ್ದು 1991ರ ಒಂದು ಪುಟ್ಟ ಲೇಖನದಿಂದ. ಅದರಲ್ಲಿ ಅವರು ತಾವು ವಾಸವಿದ್ದ ಲಂಡನ್ನಿನ ಕಿಲ್‌ಬರ್ನ್ ಬೀದಿಯಲ್ಲಿ ನಡೆಯುತ್ತಾರೆ. ಒಂದೆಡೆ ಐರಿಶ್ ಹೋರಾಟದ ಗೋಡೆಬರಹ, ಮತ್ತೊಂದೆಡೆ ಸೀರೆ ಉಟ್ಟ ಗೊಂಬೆಗಳ ಅಂಗಡಿ. ರೇಖಾ, ಆಮೀರ್ ಖಾನ್, ಸಲ್ಮಾನ್ ಖಾನ್ ಬರುವ ಕಾರ್ಯಕ್ರಮದ ಪೋಸ್ಟರ್. ಪತ್ರಿಕೆ ಮಾರುವ ಮುಸ್ಲಿಂ ವ್ಯಾಪಾರಿ ಕೊಲ್ಲಿ ಯುದ್ಧದ ಸುದ್ದಿಗೆ ಕುಗ್ಗಿಹೋಗಿದ್ದಾನೆ. ತನಗೆ ಒಗ್ಗದ ಪತ್ರಿಕೆಯನ್ನೇ ಮಾರಬೇಕಾದ ಸಂಕಟ ಅವನದು. ಈ ಬೀದಿಗೆ ಒಂದೇ ಗುರುತು, ಒಂದೇ ಮೂಲ ಹುಡುಕಲಾಗದು. ಹೊರಗಿನ ಸಂಬಂಧಗಳೇ ಅದನ್ನು ಅದಾಗಿಸಿವೆ. ಆದರೂ ತಮಗೆ ಅದು ಪ್ರೀತಿಯ ಊರೇ ಎಂದರು.

ಇದನ್ನು ಕೇವಲ 'ಎಲ್ಲರೂ ಬೆರೆತು ಬಾಳೋಣ' ಎಂಬ ಸವಿಮಾತೆಂದು ಓದಿದರೆ ಮ್ಯಾಸಿಗೆ ಅನ್ಯಾಯ. ಜಗತ್ತು ಚಿಕ್ಕದಾಗಿದೆ ಎನ್ನುವವರಿಗೆ ಅವರ ಮರುಪ್ರಶ್ನೆ: ಯಾರಿಗೆ ಚಿಕ್ಕದಾಗಿದೆ? ಒಬ್ಬರು ವಿಮಾನದಲ್ಲಿ ಇಷ್ಟ ಬಂದೆಡೆ ಹಾರುತ್ತಾರೆ, ಇನ್ನೊಬ್ಬರು ಗಡಿಯಲ್ಲಿ ತಡೆಯಲ್ಪಡುತ್ತಾರೆ, ಮತ್ತೊಬ್ಬರು ಬಾರದ ಬಸ್ಸಿಗೆ ಕಾಯುತ್ತಾರೆ. ಚಲನೆಯಲ್ಲಿಯೂ ಅಧಿಕಾರವಿದೆ. ಇದನ್ನು ಅವರು 'ಅಧಿಕಾರದ ಜ್ಯಾಮಿತಿ' ಎಂದರು. 2007ರಲ್ಲಿ ವೆನೆಜುವೆಲಾದ ಹ್ಯೂಗೊ ಚಾವೆಜ್ ಈ ಪದವನ್ನು ತಮ್ಮ ಸರ್ಕಾರದ ಕಾರ್ಯಕ್ರಮಕ್ಕೇ ಎತ್ತಿಕೊಂಡರು.

ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದೊಡನೆ 'ಮನೆ ಆಗಲೇ ಕೊಟ್ಟಾಯಿತು' ಎಂಬ ಉತ್ತರ ಕೇಳಿ ಹಿಂತಿರುಗಿದವರು ನಾವು. ನಮ್ಮ ಪಾಲಿಗೆ ಇದು ಪುಸ್ತಕದ ಮಾತಲ್ಲ. ಯಾವ ಊರಿನಲ್ಲಿ ಹುಟ್ಟಿದೆವೋ ಅದೇ ಊರಿನಲ್ಲಿ 'ಎಲ್ಲಿಂದ ಬಂದಿರಿ' ಎಂದು ಕೇಳಿಸಿಕೊಂಡಿದ್ದೇವೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಸೂರು ಕೊಲ್ಲಿ ದೇಶಗಳಲ್ಲಿ ಹರಿಸಿದ ಬೆವರಿನಿಂದ ಎದ್ದದ್ದು. ಅದರಲ್ಲಿ ಎಲ್ಲ ಜಾತಿ-ಧರ್ಮದವರ ಬೆವರೂ ಇದೆ. ಹೀಗಿರುವಾಗ ಶುದ್ಧ ಒಳಗಿನವರು ಯಾರು? ಆ ಪ್ರಶ್ನೆ ಕೇಳುವವರೊಡನೆ ಜಗಳವಾಡುವ ಬದಲು, ಅವರನ್ನು ನಮ್ಮ ಪೇಟೆಬೀದಿಯಲ್ಲಿ ಒಮ್ಮೆ ಜೊತೆಗೆ ನಡೆಯಲು ಕರೆಯಬಹುದಲ್ಲವೇ?