ಜ್ವರ ಇಳಿದ ಮೇಲೆ ಕಂಡ ಕ್ಯೋಟೋ

ಕ್ಯೋಟೋ ನಗರದಲ್ಲಿ ನೋಡತಕ್ಕ ಸ್ಥಳಗಳಿಗೆ ಕೊನೆಯೆಂಬುದಿಲ್ಲ. ಕ್ರಿ. ಶ. 794ರಿಂದ ಸಾವಿರಕ್ಕೂ ಮಿಕ್ಕ ವರ್ಷಗಳ ಕಾಲ ಜಪಾನಿನ ರಾಜಧಾನಿಯಾಗಿದ್ದ ಊರದು. ಅಲ್ಲಿಯ ದೇವಾಲಯಗಳ ಸಂಖ್ಯೆಯೇ ಸಾವಿರವನ್ನು ಮೀರುತ್ತದೆ. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ನಾನು ಅಲ್ಲಿಗೆ ಹೋದಾಗ ಕೈಯಲ್ಲಿದ್ದುದು ಎಂಟು ದಿನಗಳ ಬಿಡುವು, ಇಪ್ಪತ್ತೆರಡು ಸ್ಥಳಗಳ ಪಟ್ಟಿ. ಎರಡನೆಯ ದಿನದ ಸಂಜೆಗೇ ಮೈ ನಡುಗಿ ಜ್ವರ ಬಂದಿತು. ಕುಂದಗೋಳ ತಾಲೂಕಿನ ಗುಡಗೇರಿಯ ಎರೆಹೊಲಗಳ ಬಿಸಿಲಿನಲ್ಲಿ ಬೆಳೆದ ದೇಹಕ್ಕೆ ಆ ಊರಿನ ಮಳೆಯೂ ಚಳಿಯೂ ಕೂಡಿದ ಹವೆ ತೀರ ಹೊಸದಾಗಿತ್ತು.

ನಾನು ಇಳಿದುಕೊಂಡಿದ್ದುದು ಕಾಮೊ ನದಿಯ ಸಮೀಪದ ಒಂದು ಚಿಕ್ಕ ವಸತಿಗೃಹ. ಅದನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ನನ್ನ ಮುಖ ನೋಡಿದೊಡನೆಯೇ ಜ್ವರಮಾಪಕವನ್ನು ತಂದುಕೊಟ್ಟರು. ಅದು 38.5 ಎಂದು ತೋರಿಸಿತು. ಫ್ಯಾರನ್‌ಹೀಟಿನ ಲೆಕ್ಕಕ್ಕೆ ಪಳಗಿದ ನಾನು ಮನಸ್ಸಿನಲ್ಲಿಯೇ ಗುಣಿಸಿ ಕೂಡಿಸಿ, ನೂರಾ ಒಂದನ್ನು ದಾಟಿದೆಯೆಂದು ತಿಳಿಯುವಷ್ಟರಲ್ಲಿ ಅವರು ಹಾಸಿಗೆಯನ್ನು ಹಾಸಿಯಾಗಿತ್ತು.

ಪರಸ್ಥಳದ ಜ್ವರಕ್ಕೆ ಮನೆಯ ಜ್ವರಕ್ಕಿಲ್ಲದ ಒಂದು ಭಯವಿರುತ್ತದೆ. ನಡುರಾತ್ರಿ ಹೆಚ್ಚಾದರೆ ಯಾರನ್ನು ಕರೆಯುವುದು? ಯಾವ ಭಾಷೆಯಲ್ಲಿ ಕರೆಯುವುದು? ಅಲ್ಲಿ ಆ್ಯಂಬುಲೆನ್ಸಿಗೆ 119 ಎಂಬ ಸಂಖ್ಯೆಯಿದೆಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ತಲೆದಿಂಬಿನ ಬಳಿ ಇಟ್ಟುಕೊಂಡೆ. ಊರಿಗೆ ಫೋನು ಮಾಡಿದಾಗ ಅವ್ವ ಹೇಳಿದುದು ಇಷ್ಟೆ: “ಮೊದಲನೇ ವಿಮಾನಕ್ಕ ಹೊಂಟ ಬಂದ್ಬಿಡಪಾ ತಮ್ಮಾ. ಆ ಗುಡಿ ಏನ್ ಓಡಿ ಹೋಗ್ತಾವೇನು?”

ಮರುದಿನ ಹತ್ತಿರದ ಒಂದು ವೈದ್ಯಶಾಲೆಗೆ ಹೋದೆ. ವೈದ್ಯರು ಮೂಗಿನೊಳಗೆ ಕಡ್ಡಿಯಾಡಿಸಿ ಪರೀಕ್ಷಿಸಿ, ಇನ್‌ಫ್ಲುಯೆಂಜಾ ಅಲ್ಲವೆಂದು ಹೇಳಿದರು. ಎರಡು ದಿನ ಮಲಗಿರಬೇಕು, ಇಳಿದರೆ ಮೆಲ್ಲಗೆ ನಡೆದಾಡಬಹುದು, ಬೆಟ್ಟ ಹತ್ತಕೂಡದು ಎಂದರು. ಪಟ್ಟಿಯಿಂದ ಫುಶಿಮಿ ಇನಾರಿಯ ಬೆಟ್ಟವೂ ಕಿಯೊಮಿಜುವಿನ ಏರುದಾರಿಯೂ ಅಳಿದುಹೋದವು. ಹಿಂದಿರುಗಬೇಕೋ ಉಳಿಯಬೇಕೋ ಎಂಬುದನ್ನು ಜ್ವರವೇ ತೀರ್ಮಾನಿಸಲೆಂದು ಸುಮ್ಮನಾದೆ.

ಆ ಎರಡು ದಿನವೂ ನನ್ನ ಆಹಾರ ಒಕಾಯು. ಓದುಗರು ಬೆರಗಾಗಬೇಕಿಲ್ಲ, ಒಕಾಯು ಎಂದರೆ ಅಕ್ಕಿಯ ಗಂಜಿ! ನಡುವೆ ಒಂದು ಕೆಂಪು ಉಮೆಬೋಶಿ, ಅಂದರೆ ಉಪ್ಪಿನಲ್ಲಿ ಹಾಕಿ ಒಣಗಿಸಿದ ಹುಳಿಗಾಯಿ. ನಮ್ಮ ಕಡೆ ಜಡ್ಡು ಬಿದ್ದವರಿಗೆ ಹಳೆಯ ಲಿಂಬಿಕಾಯಿ ಉಪ್ಪಿನಕಾಯಿಯನ್ನು ಗಂಜಿಗೆ ನಂಜಿಕೊಳ್ಳಲು ಕೊಡುವುದಿಲ್ಲವೆ? ಕೆಟ್ಟ ಬಾಯಿಗೆ ರುಚಿ ಹುಟ್ಟಿಸುವ ಉಪಾಯವನ್ನು ಎರಡು ದೇಶಗಳ ಅಜ್ಜಿಯರು ಒಬ್ಬರನ್ನೊಬ್ಬರು ಕೇಳದೆಯೇ ಕಂಡುಕೊಂಡಿದ್ದಾರೆ.

ತಲೆಶೂಲೆಯ ಗುಡಿ

ನಾಲ್ಕನೆಯ ದಿನ ರಾತ್ರಿ ಬೆವರಿ ಜ್ವರ ಇಳಿಯಿತು. ಇನ್ನು ದಿನಕ್ಕೊಂದೇ ಸ್ಥಳ, ಅದೂ ಮಧ್ಯಾಹ್ನದ ವರೆಗೆ ಮಾತ್ರ ಎಂದು ನಿಶ್ಚಯಿಸಿದೆ. ಮೊದಲು ಹೋದುದು ಸಾಂಜೂಸಾಂಗೆಂದೊ ಎಂಬ ದೇವಾಲಯಕ್ಕೆ. ಇದು ಸ್ಥಾಪಿತವಾದುದು 1164ರಲ್ಲಿ. ಕಲ್ಯಾಣದಲ್ಲಿ ಬಿಜ್ಜಳನು ಆಳುತ್ತಿದ್ದ ಕಾಲ. ಬೆಂಕಿಗೆ ಆಹುತಿಯಾಗಿ 1266ರಲ್ಲಿ ಪುನಃ ಎದ್ದ, ಸುಮಾರು 120 ಮೀಟರ್ ಉದ್ದದ ಮರದ ಮಂಟಪದಲ್ಲಿ ಅವಲೋಕಿತೇಶ್ವರನ 1001 ಮೂರ್ತಿಗಳು! ಏರಿಲ್ಲ, ಇಳಿವಿಲ್ಲ, ಪಾದರಕ್ಷೆ ಕಳಚಿ ನುಣುಪಾದ ಹಲಗೆಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲನೆ ನಡೆದರಾಯಿತು. ಅಷ್ಟು ಮುಖಗಳಲ್ಲಿ ನಾವು ಕಾಣಬಯಸುವವರ ಮುಖವೊಂದು ಇದ್ದೇ ಇರುತ್ತದೆಂದು ಅಲ್ಲಿಯವರು ನಂಬುತ್ತಾರೆ. ಮುಂದಿನ ಸಾಲಿನಲ್ಲಿ ನಮ್ಮವರೇ ನಿಂತಿದ್ದಾರೆ. ಬ್ರಹ್ಮನಿದ್ದಾನೆ, ಇಂದ್ರನಿದ್ದಾನೆ. ಗರುಡನಂತೂ ರೆಕ್ಕೆ ಬಿಚ್ಚಿ, ಕೊಕ್ಕಿನ ಬಾಯಿಂದ ಕೊಳಲೂದುತ್ತಿದ್ದಾನೆ.

ಈ ಗುಡಿಯನ್ನು ಕಟ್ಟಿಸಿದ ಗೋ-ಶಿರಾಕಾವಾ ಎಂಬ ಅರಸನಿಗೆ ತಾಳಲಾರದ ತಲೆಶೂಲೆಯಿತ್ತಂತೆ. ಹಿಂದಿನ ಜನ್ಮದಲ್ಲಿ ಅವನದಾಗಿದ್ದ ತಲೆಬುರುಡೆ ಹೊಳೆಯ ತಳದಲ್ಲಿ ಬಿದ್ದು, ಅದರೊಳಗಿನಿಂದ ವಿಲೋ ಗಿಡವೊಂದು ಬೆಳೆದು, ಗಾಳಿಗೆ ಗಿಡ ತೂಗಿದಾಗಲೆಲ್ಲ ಅರಸನ ತಲೆ ಸಿಡಿಯುತ್ತಿತ್ತೆಂದು ಐತಿಹ್ಯ. ಬುರುಡೆಯನ್ನು ತೆಗೆಸಿ, ಆ ಮರವನ್ನು ಗುಡಿಗೆ ಬಳಸಿದ ಮೇಲೆ ನೋವು ನಿಂತಿತು. ಈಗಲೂ ಪ್ರತಿವರ್ಷ ಜನವರಿಯಲ್ಲಿ ಭಕ್ತರ ತಲೆಗೆ ವಿಲೋ ಕೊಂಬೆಯಿಂದ ತೀರ್ಥ ಪ್ರೋಕ್ಷಿಸುತ್ತಾರೆ. ಆಸ್ಪಿರಿನ್ನಿನ ಸಂಶೋಧನೆಗೆ ದಾರಿ ತೋರಿದುದು ಇದೇ ಜಾತಿಯ ಮರದ ತೊಗಟೆಯೆಂಬುದನ್ನು ನೆನೆದಾಗ ಕಥೆ ಇನ್ನಷ್ಟು ಸ್ವಾರಸ್ಯವೆನಿಸಿತು.

ಬೇನೆಯಿಂದ ಹುಟ್ಟಿದ ಜಾತ್ರೆ

ಮರುದಿನ ಗಿಯೊನ್ ಬಡಾವಣೆ. ಗೇಯ್ಷಾ ನರ್ತಕಿಯರಿಂದ ಲೋಕಪ್ರಸಿದ್ಧವಾದ ಈ ಹೆಸರು ಮೂಲತಃ ಶ್ರಾವಸ್ತಿಯ ಜೇತವನದ ಜಪಾನೀ ರೂಪ! 869ರಲ್ಲಿ, ಮಾನ್ಯಖೇಟದಲ್ಲಿ ನೃಪತುಂಗನು ಆಳುತ್ತಿದ್ದ ದಿನಗಳಲ್ಲಿ, ಇಲ್ಲಿ ಸಾಂಕ್ರಾಮಿಕ ಬೇನೆ ಹರಡಿತು. ದೇಶದ 66 ಪ್ರಾಂತಗಳ ಹೆಸರಿನಲ್ಲಿ 66 ಭರ್ಚಿಗಳನ್ನು ನೆಟ್ಟು ಜನ ದೈವಕ್ಕೆ ಮೊರೆಹೊಕ್ಕರು. ಪ್ರತಿವರ್ಷ ಜುಲೈಯಲ್ಲಿ ನಡೆಯುವ ಗಿಯೊನ್ ಉತ್ಸವದ ಮೂಲ ಅದು. ಅದರ ತೇರುಗಳನ್ನು ಸಿಂಗರಿಸುವ ವಸ್ತ್ರಗಳಲ್ಲಿ ಭಾರತದಲ್ಲಿ ನೇಯ್ದ ಹಳೆಯ ರತ್ನಗಂಬಳಿಗಳೂ ಉಂಟು. ನಾನು ಹೋದುದು ಮಾರ್ಚಿಯಲ್ಲಾದುದರಿಂದ ತೇರು ಕಾಣಲಿಲ್ಲ. ಆದರೆ ಮನೆಮನೆಯ ಬಾಗಿಲ ಮೇಲೆ, ಬೇನೆ ಒಳಗೆ ಬಾರದಿರಲೆಂದು ಉತ್ಸವದಲ್ಲಿ ತಂದು ತೂಗಿದ ಎಲೆಗಳ ಕಟ್ಟು ಇನ್ನೂ ಇದ್ದಿತು. ಮೈಮೇಲೆ ಅಮ್ಮ ಎದ್ದ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟುವ ನಮ್ಮ ಸೀಮೆಯವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಜ್ವರದ ಮಾತ್ರೆ ಇರುವವನೂ ಆ ಕಟ್ಟನ್ನು ಬಿಚ್ಚಿ ಎಸೆದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಕೆನ್ನಿಂಜಿ. 1202ರಲ್ಲಿ ಇದನ್ನು ಸ್ಥಾಪಿಸಿದ ಎಯ್ಸಾಯ್ ಎಂಬ ಸನ್ಯಾಸಿಯು 1211ರಲ್ಲಿ ಚಹದ ಮೇಲೆ ಒಂದು ಗ್ರಂಥವನ್ನೇ ಬರೆದನು, ರುಚಿಗಾಗಿಯಲ್ಲ, ಔಷಧವೆಂದು. ಹತ್ತಿರದ ಅಂಗಡಿಯಲ್ಲಿ ಕುಳಿತು ಆ ಕಹಿ ಹಸಿರು ಔಷಧವನ್ನು ನಾನೂ ಸೇವಿಸಿದೆ.

ಏಳನೆಯ ದಿನ ‘ತತ್ತ್ವಜ್ಞಾನಿಯ ಹಾದಿ’. ದಾರ್ಶನಿಕ ನಿಶಿದಾ ಕಿತಾರೊ ಅಡ್ಡಾಡುತ್ತಿದ್ದ, ಸುಮಾರು ಎರಡು ಕಿಲೋಮೀಟರ್ ಉದ್ದದ ಕಾಲುವೆಯಂಚು. ಚೆರಿ ಇನ್ನೂ ಅರಳಿರಲಿಲ್ಲ. ಬರಿಯ ಕೊಂಬೆ, ಹರಿಯುವ ನೀರು. ಬಿವಾ ಸರೋವರದಿಂದ 1890ರಲ್ಲಿ ತಂದ ಈ ನೀರಿನಿಂದಲೇ ಮರುವರ್ಷ ಕ್ಯೋಟೋದಲ್ಲಿ ವಿದ್ಯುತ್ತು ಹುಟ್ಟಿತು. ನಮ್ಮ ಶಿವನಸಮುದ್ರದಲ್ಲಿ ಅದು ಹುಟ್ಟಿದುದು 1902ರಲ್ಲಿ.

ಇಪ್ಪತ್ತೆರಡರ ಪಟ್ಟಿಯಲ್ಲಿ ಮೊದಲೆರಡು ದಿನ ಕಂಡವು ಐದು, ಜ್ವರದ ಮೇಲೆ ಕಂಡವು ನಾಲ್ಕು. ಆ ಐದರಲ್ಲಿ ಎರಡರ ಹೆಸರು ಈಗ ಪುಸ್ತಕ ನೋಡಿಯೇ ಹೇಳಬೇಕು.

ಹೊರಡುವ ಮುಂಜಾನೆ ಅಜ್ಜಿ ಬಾಗಿಲವರೆಗೆ ಬಂದು, ಬಾಗಿ, “ಒದೈಜಿನಿ” ಎಂದರು. ಜಡ್ಡಿನವರಿಗೆ ಹೇಳುವ ಮಾತು ಅದು. ಶಬ್ದಾರ್ಥ ಕೇಳಿದರೆ ಪಂಡಿತರು ಏನು ಹೇಳುವರೋ. ಗುಡಗೇರಿಯಲ್ಲಿಯಾದರೆ ಅದಕ್ಕೆ ‘ಜ್ವಾಕಿ’ ಎನ್ನುತ್ತೇವೆ.