ಹಿಂದಿನ ಸಾಲಿನ ಮಾತು

ಸಭೆಯಲ್ಲಿ ಎದ್ದು ನಿಲ್ಲುವುದಕ್ಕೆ ಮುಂಚಿನ ಒಂದು ನಿಮಿಷ ಇದೆಯಲ್ಲ, ಅದು ಬಹಳ ಕಷ್ಟದ್ದು. ಹೇಳಬೇಕಾದದ್ದು ಗೊತ್ತಿರುತ್ತದೆ. ಮನೆ ಬಿಡುವಾಗಲೇ ಅದನ್ನು ಮನಸ್ಸಿನಲ್ಲಿ ಹೇಳಿ ಹೇಳಿ ಹದ ಮಾಡಿಕೊಂಡಿರುತ್ತೇವೆ. ಆದರೆ ಅಧ್ಯಕ್ಷರು "ಇನ್ನು ಯಾರರ ಮಾತಾಡೋರು ಇದೀರೇನ್ರಪ್ಪಾ?" ಅಂದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ನಾಲಗೆ ಒಣಗುತ್ತದೆ, ಕಿವಿ ಬಿಸಿಯಾಗುತ್ತದೆ. ಪಕ್ಕದವರು ಎದ್ದರೆ ಸದ್ಯ ಬದುಕಿದೆ ಅನ್ನಿಸುತ್ತದೆ. ಅವರು ಬೇರೇನೋ ಹೇಳಿ ಕೂತರೆ, ನನ್ನ ಮಾತು ಹಾಗೇ ಉಳಿಯಿತಲ್ಲ ಅನ್ನುವ ಸಂಕಟ. ವಂದನಾರ್ಪಣೆ ಆಗಿ, ಕುರ್ಚಿ ಎತ್ತುವ ಸದ್ದು ಶುರುವಾದಾಗ ಆ ಮಾತು ಬಂದ ದಾರಿಯಲ್ಲೇ ಮನೆಗೆ ಹಿಂತಿರುಗುತ್ತದೆ. ಈ ನಡುಕವನ್ನು ಅಂಜುಬುರುಕುತನ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ನಡುಗುವವನಿಗೆ ಎದುರಿಗೆ ಕೂತವರ ಮೇಲೆ ಗೌರವವಿದೆ, ಆಡುವ ಮಾತಿನ ಮೇಲೆ ಕಾಳಜಿಯಿದೆ. ಯಾವುದರ ಬಗ್ಗೆಯೂ ಚಿಂತೆಯಿಲ್ಲದವನ ಎದೆ ಹೊಡೆದುಕೊಳ್ಳುವುದಿಲ್ಲ.

ನಮ್ಮ ಸೂಳೆಕೆರೆ ಸೀಮೆಯಲ್ಲಿ ಮಾತಿಗಂತೂ ಬರವಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ತಡೆದು ಕಟ್ಟಿದ ಕೆರೆ ಇದು; ತುಂಬಿದಾಗ ಎರಡೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ ನೀರು ಹರಡಿಕೊಳ್ಳುತ್ತದೆ. ಸಿದ್ಧ, ಬಸವ ಅಂತ ಹೆಸರಿಟ್ಟ ಎರಡು ತೂಬು. ಅದರ ಕೆಳಗಿನ ಊರುಗಳ ಚಹಾದಂಗಡಿಯಲ್ಲಿ ಬೆಳಿಗ್ಗೆ ಒಂದು ಗಳಿಗೆ ಕೂತು ನೋಡಿ. ಭದ್ರಾ ಡ್ಯಾಮಿನಲ್ಲಿ ಇವತ್ತು ಎಷ್ಟು ಅಡಿ, ಪೂರ್ತಿ ತುಂಬಿ 186 ಮುಟ್ಟೀತೋ ಇಲ್ಲವೋ, ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಚನ್ನಗಿರಿಯಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಎಲ್ಲಕ್ಕೂ ಅಲ್ಲಿ ಉತ್ತರವಿದೆ. ಗದ್ದೆಯ ಈ ಬದುವಿನಿಂದ ಕೂಗಿದರೆ ಆಚೆ ಬದುವಿನಲ್ಲಿ ಕಳೆ ಕೀಳುವವರಿಗೆ ಕೇಳುವಂಥ ದನಿ ನಮ್ಮ ಹೆಣ್ಣುಮಕ್ಕಳದು. ಸಂತೆಯಲ್ಲಿ ಅವರ ಜೊತೆ ಚೌಕಾಸಿ ಮಾಡಿ ಗೆದ್ದವರು ಕಡಿಮೆ.

ಇದೇ ಜನ ಗ್ರಾಮಸಭೆಯಲ್ಲಿ ಬಾಯಿ ಕಟ್ಟಿದವರಂತೆ ಕೂರುತ್ತಾರೆ. ಹಾಗೆ ಕೂರಬೇಕಾದ ಕಾರಣವೇ ಇಲ್ಲ, ಕಾನೂನು ಅವರ ಬೆನ್ನಿಗಿದೆ. ಅಬ್ದುಲ್ ನಜೀರ್ ಸಾಬ್ ಮಂತ್ರಿಗಳಾಗಿದ್ದಾಗ ಬಂದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳನ್ನು ಕಟ್ಟಿತು. 1987ರ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕರಲ್ಲಿ ಒಂದು ಪಾಲು ಜಾಗ ಮೀಸಲಾಯಿತು. ಸಂವಿಧಾನಕ್ಕೆ 73ನೇ ತಿದ್ದುಪಡಿ ಆಗುವ ಮುಂಚೆಯೇ ಕರ್ನಾಟಕ ಇಟ್ಟ ಹೆಜ್ಜೆ ಅದು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. 2010ರ ನಂತರ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ನಜೀರ್ ಸಾಬರನ್ನು ನಾಡು 'ನೀರ್ ಸಾಬ್' ಅಂತ ನೆನೆಯುವುದು ಹಳ್ಳಿ ಹಳ್ಳಿಗೆ ಅವರು ಕೊರೆಸಿದ ಬೋರ್‌ವೆಲ್‌ಗಳಿಂದ. ನನಗೆ ಅವರ ಅದಕ್ಕಿಂತ ದೊಡ್ಡ ಕೆಲಸ ಕಾಣುವುದು ಊರವರಿಗೆ ಕೇಳುವ ಹಕ್ಕು ಕೊಟ್ಟದ್ದರಲ್ಲಿ. ಆದರೆ ಹಕ್ಕು ಕಾಗದದಿಂದ ಇಳಿದು ಗಂಟಲಿಗೆ ಬರುವುದಕ್ಕೆ ಬಹಳ ಕಾಲ ಹಿಡಿಯುತ್ತದೆ.

ಸಭೆ ಮುಗಿದ ಮೇಲೆ ಪಂಚಾಯಿತಿ ಕಟ್ಟೆಯ ಹೊರಗೆ ನಿಂತರೆ ಒಳಗೆ ಆಡದ ಮಾತೆಲ್ಲ ಕೇಳಿಸುತ್ತದೆ.

"ಏನವ್ವಾ, ಪೆನ್ಶನ್ ವಿಷಯ ಕೇಳ್ತೀನಿ ಅಂತಿದ್ದೆ, ಕೇಳ್ಲೇ ಇಲ್ಲ?"

"ಕೇಳ್ಬೇಕು ಅಂತ್ಲೇ ಬಂದಿದ್ದೆ ಕಣಣ್ಣ. ಅಷ್ಟು ಜನದಾಗೆ ಎದ್ದು ನಿಂತ್ರೆ ಏನಂತಾರೋ ಅನ್ನಿಸ್ತು. ಸಾಹೇಬ್ರು ಬೈದ್ರೆ?"

"ಬೈಯೋಕೆ ಅವ್ರ್ಯಾರು?"

"ಬೈಯ್ದೆ ಇದ್ರೂ ನಗ್ತಾರಣ್ಣ."

ಬೈಗುಳಕ್ಕಿಂತ ನಗುವಿನ ಭಯ ದೊಡ್ಡದು. ಬೈದವನಿಗೆ ತಿರುಗಿ ಏನಾದರೂ ಹೇಳಬಹುದು. ನಕ್ಕವರಿಗೆ ಏನು ಹೇಳುವುದು? ಶಾಲೆಯಲ್ಲಿ ತಪ್ಪು ಉತ್ತರ ಕೊಟ್ಟಾಗ ಇಡೀ ತರಗತಿ ನಕ್ಕದ್ದು ಅರವತ್ತು ದಾಟಿದರೂ ಮರೆಯುವುದಿಲ್ಲ. ಅದರ ಹಿಂದೆ ಇನ್ನೂ ಹಳೆಯ ಪಾಠಗಳಿವೆ. ಮಾವನ ಮುಂದೆ ಸೊಸೆ ದನಿ ಎತ್ತಬಾರದು. ಜಗಲಿಯ ಮೇಲೆ ಕೂತವರು ಕೇಳಿದರೆ ಮಾತ್ರ ಕೆಳಗೆ ನಿಂತವರು ಮಾತಾಡಬೇಕು. ಹೆಬ್ಬೆಟ್ಟಿನವರು ಸಹಿ ಹಾಕುವವರ ಎದುರು ತಲೆ ಎತ್ತಬಾರದು. ಇವನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ, ಮೈಗೇ ಕಲಿಸಿಬಿಟ್ಟರು. ಕಾಯ್ದೆ ಬದಲಾದರೂ ಮೈಗೆ ಆ ಸುದ್ದಿ ಬೇಗ ತಲುಪುವುದಿಲ್ಲ. ನಾಲೆಯ ತಲೆಯ ಕಡೆಯವರು ಮೋಟಾರು ಇಟ್ಟು ನೀರೆತ್ತಿಕೊಂಡರೆ ಕೊನೆ ಭಾಗದ ಗದ್ದೆಗೆ ಹಸಿ ಕೂಡ ಮುಟ್ಟುವುದಿಲ್ಲ ಎಂಬುದು ಭದ್ರಾ ನಾಲೆಯ ಕೊನೆಯಲ್ಲಿ ಬೇಸಾಯ ಮಾಡುವ ಎಲ್ಲರಿಗೂ ಗೊತ್ತು. ಸಭೆಯ ಮೈಕು ಕೂಡ ಹಾಗೆಯೇ, ಮುಂದಿನ ಎರಡು ಸಾಲಿನಲ್ಲೇ ಮುಗಿದುಹೋಗುತ್ತದೆ.

ಹೊಸಬರು ದೊಡ್ಡವರ ಸಭೆಗೆ ಕಾಲಿಟ್ಟ ಘಟನೆ ಅಂದರೆ ನನಗೆ ಯಾವಾಗಲೂ ನೆನಪಾಗುವುದು ಅಕ್ಕಮಹಾದೇವಿ. ಅವಳ ಉಡುತಡಿ, ಅವಳನ್ನು ಪ್ರಶ್ನಿಸಿದ ಅಲ್ಲಮನ ಬಳ್ಳಿಗಾವಿ, ಎರಡೂ ನಮ್ಮ ಹೊನ್ನಾಳಿಯ ನೆರೆಯ ಶಿಕಾರಿಪುರ ಸೀಮೆಯವು. ಒಂದೇ ಸೀಮೆಯ ಇಬ್ಬರು ಅಷ್ಟು ದೂರದ ಕಲ್ಯಾಣದಲ್ಲಿ ಎದುರುಬದುರಾದರು. ಹದಿನೈದನೇ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ ಆ ಸಂದರ್ಭವನ್ನು ಬಹಳ ವಿವರವಾಗಿ ಕಟ್ಟಿಕೊಡುತ್ತದೆ. ಅಲ್ಲಮ ಅವಳನ್ನು ಸುಮ್ಮನೆ ಒಳಗೆ ಕರೆದುಕೊಳ್ಳುವುದಿಲ್ಲ. ನಿನ್ನ ಗಂಡ ಯಾರು ಅನ್ನುತ್ತಾನೆ. ಉಟ್ಟದ್ದನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಅನ್ನುತ್ತಾನೆ. ಕೇಳುವುದಕ್ಕೇ ಕಠಿಣವಾದ ಪ್ರಶ್ನೆಗಳು, ಅದೂ ತುಂಬಿದ ಸಭೆಯಲ್ಲಿ, ಒಂಟಿಯಾಗಿ ಬಂದ ಎಳೆಯ ಹೆಣ್ಣಿಗೆ. ಆದರೂ ನನಗೆ ಅಲ್ಲಮನ ಮೇಲೆ ಸಿಟ್ಟು ಬರುವುದಿಲ್ಲ. ಅವನು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾನೆ. ಅವಳು ಪೂರ್ತಿ ಹೇಳುವವರೆಗೂ ನಡುವೆ ಬಾಯಿ ಹಾಕುವುದಿಲ್ಲ. ಉತ್ತರ ಕೇಳಿ ಮುಂದಿನ ಪ್ರಶ್ನೆಯನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾನೆ. ಕೊನೆಗೆ ಆ ಸಭೆಯ ಹಿರಿಯರೆಲ್ಲ ಅವಳನ್ನು ಕೊಂಡಾಡುತ್ತಾರೆ. ಎಷ್ಟೇ ಗಟ್ಟಿ ಪ್ರಶ್ನೆಯಾದರೂ ಮನುಷ್ಯ ತಾಳಿಕೊಳ್ಳಬಲ್ಲ, ತನ್ನ ಉತ್ತರ ಕೇಳುವವರಿದ್ದಾರೆ ಅನ್ನುವ ನಂಬಿಕೆ ಇದ್ದರೆ. ನಮ್ಮ ಸಭೆಗಳಲ್ಲಿ ಕೊರತೆ ಇರುವುದು ಆ ಕಾಯುವಿಕೆಗೆ.

ಅಕ್ಕನಿಗೆ ಸಿಕ್ಕಷ್ಟು ಹೆಸರು ಸಿಗದ ಇನ್ನೊಬ್ಬಳಿದ್ದಾಳೆ, ಸೂಳೆ ಸಂಕವ್ವೆ. ವೃತ್ತಿಯ ಹೆಸರನ್ನು ಮರೆಮಾಚದೆ ಶರಣರ ನಡುವೆ ಬಂದವಳು. ಅವಳದಾಗಿ ಉಳಿದು ಬಂದಿರುವುದು ಒಂದೇ ವಚನ. ಅದಕ್ಕೆ ಅವಳು ಇಟ್ಟುಕೊಂಡ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆ ಎಂಬುದನ್ನು ಊರೆಲ್ಲ ಸೇರಿ ಹೇರಿದ ಹೆಂಗಸು, ಅದನ್ನು ದಾಟಿದ ದೇವರನ್ನು ತನ್ನವನಾಗಿ ಮಾಡಿಕೊಂಡು ಒಂದು ಮಾತು ಬರೆದಳು. ಎಂಟುನೂರು ವರ್ಷ ಆದರೂ ಅದು ಅಳಿಯಲಿಲ್ಲ. ಅವಳ ಬಗ್ಗೆ ಓದಿದಾಗೆಲ್ಲ ನಮ್ಮ ಕೆರೆಯ ಕಥೆ ನೆನಪಾಗುತ್ತದೆ. ಆ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಗೆ. ಒಂದು ಬಗೆ ಹೀಗೆ: ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ವೇಶ್ಯೆಯರದಾಗಿತ್ತು, ಕೆರೆಗೆ ತಮ್ಮ ಹೆಸರು ಬರುವುದಾದರೆ ಬಿಟ್ಟುಕೊಡುತ್ತೇವೆ ಅಂದರಂತೆ. ಸರ್ಕಾರಿ ಫಲಕದಲ್ಲಿ ಶಾಂತಿಸಾಗರ ಅಂತಿದ್ದರೂ ಜನರ ಬಾಯಲ್ಲಿ ಆ ಹೆಣ್ಣುಮಕ್ಕಳ ಷರತ್ತೇ ನಡೆದುಕೊಂಡು ಬಂದಿದೆ. ಇದು ಚರಿತ್ರೆಯೋ ಬರೀ ಕಥೆಯೋ, ಅರಸುಮಗಳ ಎದುರು ನಿಂತು ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದವರನ್ನು ನಮ್ಮ ಜನ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದು ಮುಖ್ಯ.

ನ್ಯಾಮತಿ, ಹೊನ್ನಾಳಿ ಕಡೆಯ ತಾಂಡಾಗಳಲ್ಲಿ ಈ ಅಳುಕಿಗೆ ಇನ್ನೊಂದು ಪದರವಿದೆ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಅಲ್ಲೇ ಇದೆ. ಜಯಂತಿಗೆ ನಾನಾ ಕಡೆಯಿಂದ ಬರುವ ಬಂಜಾರ ಜನರ ಹಾಡು, ಕುಣಿತ ನೋಡಿದವರು ಇವರಿಗೆ ನಾಚಿಕೆ ಅಂದರೆ ಏನೆಂದೇ ಗೊತ್ತಿಲ್ಲ ಅಂದುಕೊಳ್ಳಬೇಕು. ಆದರೆ ಸಭೆ ನಡೆಯುವುದು ಕನ್ನಡದಲ್ಲಿ, ಅದೂ ಕಚೇರಿಯ ಕನ್ನಡದಲ್ಲಿ: ಕ್ರಿಯಾ ಯೋಜನೆ, ಅನುಮೋದನೆ, ಫಲಾನುಭವಿ. ಮನೆಯಲ್ಲಿ ಲಂಬಾಣಿ ಆಡುವ ಮುದುಕಿ ಅದನ್ನು ಮೊದಲು ತನ್ನ ಮಾತಿಗೆ ತಂದುಕೊಂಡು, ಉತ್ತರ ಯೋಚಿಸಿ, ಮತ್ತೆ ಕನ್ನಡಕ್ಕೆ ಹೊರಳಿಸುವಷ್ಟರಲ್ಲಿ ಸಭೆ ಮೂರು ವಿಷಯ ದಾಟಿರುತ್ತದೆ. ಅವಳು ಸುಮ್ಮನಿರುವುದನ್ನು ಕಂಡು ಒಪ್ಪಿಗೆ ಅಂತ ಬರೆದುಕೊಳ್ಳುವುದು ಅನ್ಯಾಯ. ಅವಳದೇ ಮಾತಿನಲ್ಲಿ ಹೇಳು ಅಂದರೆ, ಅದನ್ನು ಕನ್ನಡಕ್ಕೆ ತರಬಲ್ಲ ಹೈಸ್ಕೂಲು ಓದಿದ ಮೊಮ್ಮಗಳು ಪಕ್ಕದಲ್ಲೇ ಕೂತಿರುತ್ತಾಳೆ.

ಬರೆಯುವವರ ಕಥೆಯೂ ಇದೇ. ಅಡಿಕೆ ತೋಟದಲ್ಲಿ ನಲವತ್ತು ವರ್ಷ ಬೆವರು ಸುರಿಸಿದವರಿಗೆ ಹಿಡಿಮುಂಡಿಗೆ ರೋಗದ ಬಗ್ಗೆ ತಿಳಿದಿರುವಷ್ಟು ಬೇರೆಯವರಿಗೆ ತಿಳಿದಿರುವುದು ಅಪರೂಪ. ಒಂದು ಪತ್ರ ಬರೆಯಿರಿ ಅಂದರೆ ಹಿಂದೆ ಸರಿಯುತ್ತಾರೆ. "ನಮ್ದೇನು ಬರವಣಿಗೆ ಬಿಡ್ರಿ, ಓದಿದೋರು ಬರೀಲಿ." ಈ ಮಾತಿಗೆ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ 'ಅಡಿಕೆ ಪತ್ರಿಕೆ' ಚೆನ್ನಾಗಿ ಉತ್ತರ ಕೊಟ್ಟಿತು. ಪತ್ರಿಕೆಯ ಶ್ರೀಪಡ್ರೆಯವರು ಮತ್ತು ಅವರ ಜೊತೆಗಾರರು ಕೃಷಿಕರ ಕೈಗೇ ಲೇಖನಿ ಕೊಡಬೇಕು ಅಂದರು, ಕಾರ್ಯಾಗಾರ ಮಾಡಿ ಬರೆಯಲು ಕಲಿಸಿದರು. ತೋಟದವರು ತೋಟದ ಮಾತಿನಲ್ಲೇ ಬರೆದರು, ಇನ್ನೊಂದು ತೋಟದವರು ಓದಿದರು. ವ್ಯಾಕರಣ ತಿದ್ದುವುದು ಪತ್ರಿಕೆಯವರ ಕೆಲಸ, ಅನುಭವ ಹೇಳುವುದು ನಿಮ್ಮ ಕೆಲಸ ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ. ಮಿಕ್ಕರ್ಧ ಇಳಿಯುವುದು ಮೊದಲನೇ ಬರಹಕ್ಕೆ ದೂರದ ಯಾರೋ ಒಬ್ಬರು ಕಾರ್ಡು ಹಾಕಿದಾಗ.

ನಮ್ಮ ಹತ್ತಿರದ ಸಿರಿಗೆರೆಯಲ್ಲಿ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರ ಸೋಮವಾರ ಸೇರುತ್ತದೆ. ಅಣ್ಣತಮ್ಮಂದಿರ ಭಾಗದ ಜಗಳ, ಗಂಡಹೆಂಡಿರ ಮುನಿಸು, ಬದುವಿನ ವ್ಯಾಜ್ಯ ಹೊತ್ತು ಜನ ಅಲ್ಲಿಗೆ ಹೋಗುತ್ತಾರೆ. ವಕೀಲರಿಲ್ಲ, ತಮ್ಮ ಕಷ್ಟ ತಾವೇ ಎಲ್ಲರೆದುರು ಹೇಳಬೇಕು. ಕೋರ್ಟಿನ ಕಟಕಟೆ ಎಂದರೆ ಬೆವರುವವರು ಅಲ್ಲಿ ಹೇಗೆ ಬಾಯಿ ಬಿಡುತ್ತಾರೆ? ಅವರ ಸರದಿ ಬರುವ ಮುಂಚೆ ಅವರಂಥವರೇ ಹತ್ತು ಜನ ಎದ್ದು ನಿಂತು, ತೊದಲಿ, ಅತ್ತು, ಮತ್ತೆ ಸುಧಾರಿಸಿಕೊಂಡು ಹೇಳಿದ್ದನ್ನು ಕಂಡಿರುತ್ತಾರೆ. ಒಬ್ಬರ ತೊದಲು ಇನ್ನೊಬ್ಬರಿಗೆ ಧೈರ್ಯ ಕೊಡುತ್ತದೆ ಅಂತ ನಾನು ನಂಬಿದ್ದೇನೆ. ಬಹಳ ಚೆನ್ನಾಗಿ ಮಾತಾಡುವವರು ಒಂದು ಸಭೆಯಲ್ಲಿ ಮೊದಲು ಮಾತಾಡಿಬಿಟ್ಟರೆ ಉಳಿದವರ ಬಾಯಿ ಕಟ್ಟುತ್ತದೆ. ಭಾಷಣ ಬಲ್ಲವರು ಇದನ್ನು ಅರಿತು ಸ್ವಲ್ಪ ತಡೆದುಕೊಳ್ಳುವುದು ಊರಿಗೆ ಮಾಡುವ ಉಪಕಾರ.

ಸೂಳೆಕೆರೆಯ ನೀರನ್ನು ಈಗ ಚಿತ್ರದುರ್ಗದವರೂ ಕುಡಿಯುತ್ತಾರೆ. ಅತ್ತ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಬಂದಿದೆ. ನೀರು ಎಷ್ಟು, ಯಾರಿಗೆ, ಯಾವಾಗ ಅನ್ನುವ ಪ್ರಶ್ನೆಗಳು ಮುಂದೆ ಇನ್ನೂ ಹೆಚ್ಚುತ್ತವೆ. ಕೊನೆ ಭಾಗದವರು ಎದ್ದು ಹೇಳದೆ ಅವಕ್ಕೆ ನ್ಯಾಯವಾದ ಉತ್ತರ ಸಿಗುವುದಿಲ್ಲ. ಹಾಗಾಗಿ ಮುಂದಿನ ಗ್ರಾಮಸಭೆಗೆ ನೋಡಲ್ ಅಧಿಕಾರಿಯಾಗಿ ಬರುವವರಲ್ಲಿ ನನ್ನದೊಂದು ಕೋರಿಕೆ. ಮೈಕನ್ನು ಹಿಂದಿನ ಸಾಲಿನಿಂದ ಶುರು ಮಾಡಿ. "ಯಾರಾದರೂ ಮಾತಾಡುತ್ತೀರಾ" ಅಂತ ಗಾಳಿಗೆ ಕೇಳಬೇಡಿ. ಅಲ್ಲಿ ಕೂತ ತಾಯಿಯ ಹತ್ತಿರ ಹೋಗಿ, "ಅವ್ವಾ, ನಿಮ್ಮ ಕಡೆ ನೀರು ಬಂತಾ?" ಅಂತ ಕೇಳಿ. ಎದ್ದು ನಿಲ್ಲಲು ಆಗದವರು ಕೂತೇ ಹೇಳಲಿ. ಹೇಳುವಾಗ ತಡವಾದರೆ ಗಡಿಯಾರ ನೋಡಬೇಡಿ, ಯಾರಾದರೂ ನಕ್ಕರೆ ಅವರನ್ನು ಅಲ್ಲೇ ಸುಮ್ಮನಿರಿಸಿ. ಸಭೆ ಮುಗಿಯುವ ಮುಂಚೆ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ. ನಾನು ಅಂದದ್ದು ಹೀಗಲ್ಲ ಅನ್ನುವವರಿಗೆ ತಿದ್ದಿಸುವಷ್ಟು ಹೊತ್ತು ಕೊಟ್ಟು, ಆಮೇಲೆ ಸಹಿ ಮಾಡಿಸಿ.