ಅಟ್ಟದ ಮೇಲಣ ಗಣಕಯಂತ್ರ

ನಮ್ಮ ಶಾಲೆಯ ಗಣಕಯಂತ್ರದ ಗುಂಡಿ ಒತ್ತಿ, ಮಕ್ಕಳ ಹಾಜರಿ ಕರೆದು ಮುಗಿಸಿದರೂ ಅದು ಎಚ್ಚೆತ್ತಿರುವುದಿಲ್ಲ. ಇಂತಹ ಯಂತ್ರದೊಡನೆ ದಿನ ಕಳೆಯುವ ನನಗೆ, ಕಳೆದ ಬೇಸಗೆಯ ರಜೆಯಲ್ಲಿ ಸೋದರಮಾವನ ಮನೆಯ ಅಟ್ಟದಿಂದ ಇಳಿದುಬಂದ ಪೆಟ್ಟಿಗೆಯೊಂದು ಅಚ್ಚರಿಯನ್ನುಂಟುಮಾಡಿತು. ಮಾವನವರು ಗಲ್ಫಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಕೊಂಡು ಕಾಸರಗೋಡಿಗೆ ತಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಅದು. 1982ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಮನೆಬಳಕೆಯ ಗಣಕ. ಪಂಚಾಂಗದಷ್ಟು ಗಾತ್ರ, ರಬ್ಬರಿನ ಕೀಲಿಗಳು. ಎಬ್ಬಿಸುವುದಕ್ಕೆ ಗುಂಡಿಯೂ ಇಲ್ಲ. ವಿದ್ಯುತ್ತಿನ ತಂತಿಯನ್ನು ಸಿಕ್ಕಿಸಿದರಾಯಿತು.

ಹಳೆಯ ಟಿ.ವಿ.ಗೆ ಜೋಡಿಸಿ ಮಾವ ತಂತಿ ಸಿಕ್ಕಿಸಿದರು. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳ್ಳಗಾಗಿ, ಅಡಿಯಲ್ಲಿ ಕಂಪೆನಿಯ ಹೆಸರಿನ ಸಾಲೊಂದು ಮೂಡಿತು.

"ಇನ್ನೆಷ್ಟು ಹೊತ್ತು ಕಾಯಬೇಕು ಮಾವ?" ಎಂದೆ.

"ಎಂತ ಕಾಯುವುದು ಮಾರಾಯ? ಅದು ಆಗಲೇ ಎದ್ದು ಕೂತಿದೆ. ಲೆಕ್ಕ ಕೇಳು."

ಗುಟ್ಟು ಸರಳವಾದುದು. ಈಗಿನ ಗಣಕವು ತನ್ನ ಕಾರ್ಯವಿಧಾನವನ್ನು ಬೇರೊಂದು ಸಂಗ್ರಹದಿಂದ ಸ್ಮೃತಿಗೆ ತಂದುಕೊಂಡು, ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಂಡು ಕೆಲಸಕ್ಕೆ ತೊಡಗಬೇಕು. ಸ್ಪೆಕ್ಟ್ರಮ್ಮಿಗೆ ಹೀಗೆ ತರುವ ಕೆಲಸವೇ ಇಲ್ಲ. ಕಾರ್ಯವಿಧಾನ, ಬೇಸಿಕ್ ಭಾಷೆ, ಅಕ್ಷರಗಳ ಆಕಾರ ಎಲ್ಲವೂ 16 ಕಿಲೋಬೈಟಿನ ರೋಮ್ ಎಂಬ, ಓದಲು ಮಾತ್ರ ಬರುವ ಸ್ಮೃತಿಯಲ್ಲಿ, ಕಾರ್ಖಾನೆಯಲ್ಲಿಯೇ ಅಚ್ಚಾಗಿರುತ್ತವೆ. ಮಗ್ಗಿ ಬಾಯಿಪಾಠವಾದ ಹುಡುಗ ಪುಸ್ತಕ ಹುಡುಕುವನೇ? ಆಟವೊಂದನ್ನು ಕ್ಯಾಸೆಟ್ಟಿನಿಂದ ತುಂಬಿಸಲು ಮಾತ್ರ ನಿಮಿಷಗಳೇ ಹಿಡಿಯುತ್ತಿದ್ದವೆಂದು ಮಾವನವರೇ ಒಪ್ಪಿಕೊಂಡರು.

ಆದರೆ ಇಲ್ಲಿ ತಪ್ಪೂ ಅಚ್ಚಾಗಿಬಿಡುತ್ತದೆ. ಅದೇ ಕಂಪೆನಿಯ 1981ರ ಝಡ್‌ಎಕ್ಸ್81 ಯಂತ್ರದ ಮೊದಮೊದಲ ಪ್ರತಿಗಳಲ್ಲಿ 0.25ರ ವರ್ಗಮೂಲವನ್ನು ಕೇಳಿದರೆ, 0.5 ಎನ್ನುವ ಬದಲು 1.3591409 ಎಂಬ ಉತ್ತರ ಬರುತ್ತಿತ್ತು. ಎಷ್ಟು ಬಾರಿ ಆರಿಸಿ ಎಬ್ಬಿಸಿದರೂ ಅದೇ ಉತ್ತರ, ಅದೇ ಧೈರ್ಯ. ಅದನ್ನು ಸರಿಪಡಿಸಲು ಯಂತ್ರವನ್ನೇ ಬಿಚ್ಚಬೇಕಾಗಿತ್ತು.

ಮಾವ ಇದನ್ನು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಅದೇ ತಿಂಗಳು ನಡೆದ ಸಂಗತಿಯೊಂದು ನೆನಪಾಯಿತು.

ನನ್ನ ಅಧ್ಯಾಪನದ ಮೊದಲ ವರ್ಷ ಎರಡನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಈಗ ಕಾಲೇಜಿನಲ್ಲಿದ್ದಾಳೆ. ಕನ್ನಡ ಸಮಾರಂಭವೊಂದಕ್ಕೆಂದು ಬರೆದ ಭಾಷಣವನ್ನು ತೋರಿಸಲು ಬಂದಿದ್ದಳು. ಅದರಲ್ಲಿ 'ವಿದ್ಯಾರ್ಥಿ' ಎಂಬ ಪದ ಬಂದಲ್ಲೆಲ್ಲ 'ವಿಧ್ಯಾರ್ಥಿ' ಎಂದಿತ್ತು.

"ಈ ಮಹಾಪ್ರಾಣವನ್ನು ಯಾರು ಕಲಿಸಿದರಮ್ಮ?"

"ನೀವೇ ಸರ್. ಹಲಗೆಯ ಮೇಲೆ ಬರೆದು ಕಲಿಸಿದ್ದು."

ಸುಳ್ಳಲ್ಲ. ಹಿರಿಯ ಅಧ್ಯಾಪಕರೊಬ್ಬರು ತಿದ್ದುವ ತನಕ ನಾನೂ ಹಾಗೆಯೇ ಬರೆಯುತ್ತಿದ್ದೆ. ನಾನು ತಿದ್ದಿಕೊಂಡೆ, ಆ ವರ್ಷದ ಮಕ್ಕಳನ್ನು ಕರೆದು ತಿದ್ದಲಿಲ್ಲ. ನಾಲ್ಕನೆಯ ತರಗತಿಯಾದ ಮೇಲೆ ಆಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದಳು. ಗಡಿನಾಡಿನ ಮಗುವಿಗೆ ಮುಂದೆ ಮತ್ತೊಬ್ಬ ಕನ್ನಡ ಅಧ್ಯಾಪಕ ಸಿಕ್ಕಿಯೇ ಸಿಗುವನೆಂಬ ಭರವಸೆಯಿಲ್ಲ. ಅವಳ ಬರಹದ ಕನ್ನಡವೆಲ್ಲ ನಾನು ಕೊಟ್ಟದ್ದು, ತಪ್ಪು ಸಹಿತವಾಗಿ.

ಮಕ್ಕಳ ಮನಸ್ಸು ರೋಮ್ ಅಲ್ಲವೆಂದು ಸಮಾಧಾನ ಹೇಳಿಕೊಂಡೆ. ಅಂದು ನನ್ನ ತಪ್ಪನ್ನು ಒಪ್ಪಿ, ಅವಳ ಭಾಷಣವನ್ನು ತಿದ್ದಿಕೊಟ್ಟಿದ್ದೆ. ಮೊನ್ನೆ ಅವಳ ಕಾಗದ ಬಂತು. ಕೊನೆಯಲ್ಲಿ 'ನಿಮ್ಮ ಹಳೆಯ ವಿಧ್ಯಾರ್ಥಿನಿ' ಎಂದು ಬರೆದು, ಅದನ್ನು ಹೊಡೆದುಹಾಕಿ, ಮಗ್ಗುಲಲ್ಲಿ ಸರಿಯಾಗಿ ಬರೆದಿದ್ದಳು. ಕೈ ಮೊದಲು ಹೋದದ್ದು ನಾನು ಕಲಿಸಿದ ದಾರಿಗೇ.

ಈಗ ಮೇಜಿನ ಮೇಲೆ ನಿಘಂಟೊಂದನ್ನು ಇಟ್ಟುಕೊಂಡಿದ್ದೇನೆ. ಸಂಶಯ ಬಂದರೆ ಮಕ್ಕಳೆದುರಿಗೇ ತೆರೆದು ನೋಡಿ, ಆಮೇಲೆ ಹಲಗೆಯ ಮೇಲೆ ಬರೆಯುತ್ತೇನೆ. ಪಾಠ ತುಸು ತಡವಾಗುತ್ತದೆ, ಆಗಲಿ.